ಮಾರಿ ನೋಡಿ ಮಾತಾಡು

12 ಜೂನ್ 2023, ಸೋಮವಾರ

ಮಿರಗ ಕೂಡಿದರೂ ಮಳೆಯ ಸುಳಿವಿಲ್ಲ. ಧಾರವಾಡ ಜೂನ್ ತಿಂಗಳಲ್ಲಿ ಇಷ್ಟು ಒಣಗಿ ಕೂತದ್ದು ನನಗೆ ನೆನಪಿಲ್ಲ.

ರಜೆ ಹಾಕಿ ಮಗ ತಮ್ಯಾನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಅವನಿಗೀಗ ಎಂಟು ವರ್ಷ. ಆಟಿಸಂ ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಯಿತು. ಅಂಗವೈಕಲ್ಯದ ಸರ್ಟಿಫಿಕೇಟು ಮಾಡಿಸಬೇಕಾದರೆ ಬುದ್ಧಿಯ ಅಳತೆಯೂ ಬೇಕಂತೆ. ಚಿಗರಿ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತವನು ಇಳಿಯುವ ತನಕ ಸುಖವಾಗಿದ್ದ.

ಟೆಸ್ಟ್ ಮಾಡಿದ ಮೇಡಂ ಒಳ್ಳೆಯವರು, ದನಿ ಏರಿಸಿದವರಲ್ಲ. ಆದರೆ ಪ್ರತಿ ಪ್ರಶ್ನೆಗೂ ಮುಂಚೆ, "ಇಲ್ಲಿ ನೋಡು ಪುಟ್ಟಾ, ನನ್ನ ಮುಖ ನೋಡಿ ಹೇಳು" ಅನ್ನುವರು. ಅವನು ಒಂದು ಗಳಿಗೆ ಅವರತ್ತ ಕಣ್ಣು ಹಾಯಿಸುವನು, ಬಿಸಿ ಹಂಚು ಮುಟ್ಟಿದವನ ಹಾಗೆ ತಟ್ಟನೆ ಫ್ಯಾನಿನ ಕಡೆ ಎಳೆದುಕೊಳ್ಳುವನು. ಮತ್ತೆ "ಇಲ್ಲಿ ನೋಡು." ಅಷ್ಟರಲ್ಲಿ ಪ್ರಶ್ನೆ ಎಲ್ಲಿಗೆ ಹೋಯಿತೋ! ಅವನ ಉತ್ತರ ಬಾಯಿಗೆ ಬರುವ ಹೊತ್ತಿಗೆ ಮೇಡಂ ಮುಂದಿನದಕ್ಕೆ ದಾಟಿರುತ್ತಿದ್ದರು. ಒಂದು ಸಲವಂತೂ ಎರಡು ಪ್ರಶ್ನೆ ಹಿಂದಿನದಕ್ಕೆ ಸರಿಯಾದ ಉತ್ತರ ಹೇಳಿದ. ಅದು ಎದುರಿಗಿದ್ದ ಪ್ರಶ್ನೆಗೆ ತಪ್ಪು ಉತ್ತರವಾಗಿ ಹಾಳೆ ಸೇರಿತು. ಹಿಂದಿನ ಕುರ್ಚಿಯಲ್ಲಿದ್ದ ನಾನು ಬಾಯಿ ಬಿಡುವಂತಿರಲಿಲ್ಲ.

ಆಮೇಲೆ ಕಟ್ಟಿಗೆಯ ಹಲಗೆ. ಹತ್ತು ಆಕಾರದ ಹತ್ತು ತುಂಡು, ಒಂದೊಂದನ್ನೂ ಅದರದರ ತೂತಿಗೆ ಕೂಡಿಸಬೇಕು. ವಾಚು ಹಿಡಿದು ನೋಡುತ್ತಾರೆ. ಸೆಗ್ವಿನ್ ಹಲಗೆ ಅಂತ ಹೆಸರು. ತಮ್ಯಾ ಮುಖವನ್ನು ಕಿಟಕಿಗೆ ಕೊಟ್ಟು, ಕಡೆಗಣ್ಣಿನಲ್ಲಿ ಹಲಗೆ ನೋಡುತ್ತ ಪಟಪಟನೆ ಕೂಡಿಸಿಬಿಟ್ಟ. "ನೋಡದೇನೇ ಹಾಕ್ತಾನಲ್ಲ!" ಅಂದರು ಮೇಡಂ. ನೋಡಿಯೇ ಹಾಕಿದ. ನಾವು ನೋಡುವ ಹಾಗೆ ನೋಡಲಿಲ್ಲ, ಅಷ್ಟೆ.

ಸಂಜೆಗೆ ಕಾಗದ ಕೈಗೆ ಬಂತು. ಬುದ್ಧ್ಯಂಕ 58. ಕೆಳಗೆ ಎರಡು ಸಾಲು: ಕಣ್ಣು ಕೊಟ್ಟು ನೋಡುವುದಿಲ್ಲ, ಸಹಕಾರ ಕಡಿಮೆ. ಆಟಿಸಂ ಅಳೆಯುವುದಕ್ಕೆ ನಮ್ಮ ದೇಶದಲ್ಲೇ ಮಾಡಿದ ಪಟ್ಟಿಯೊಂದಿದೆ, 40 ಅಂಶಗಳದ್ದು. ಮೊಟ್ಟಮೊದಲ ಅಂಶವೇ ಕಣ್ಣಿನದು. ಒಟ್ಟು ಅಂಕ 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 153 ದಾಟಿದರೆ ತೀವ್ರ. ತಮ್ಯಾನಿಗೆ 112. ಎರಡೂ ಕಾಗದದಲ್ಲಿ ಅವನ ಕಣ್ಣೇ ಅವನ ಮೇಲೆ ಸಾಕ್ಷಿ ಹೇಳಿದ ಹಾಗಾಯಿತು.

14 ಜೂನ್, ಬುಧವಾರ

ನಿದ್ದೆ ಬರದೆ ಎದ್ದು ಕೂತಿದ್ದೇನೆ.

ಮೇಡಂ ಒಬ್ಬರನ್ನೇ ಅಂದು ಏನು ಬಂತು? ನಮ್ಮ ಮಾತಿನಲ್ಲೇ ಇದೆ ಎಲ್ಲ. ದೀಪ ಸಣ್ಣಗಾದರೆ ಮಂಕಾಯಿತು ಅನ್ನುತ್ತೇವೆ, ಹುಡುಗ ತಟ್ಟನೆ ಉತ್ತರ ಕೊಡದಿದ್ದರೂ ಮಂಕು ಅನ್ನುತ್ತೇವೆ. ಕೂಸು ಹುಟ್ಟಿದ ಮನೆಗೆ ಹೋದವರು ತೊಟ್ಟಿಲಿಗೆ ಬಗ್ಗಿ, "ಕಣ್ಣು ಎಷ್ಟ ಚುರುಕ ಅದಾವ ನೋಡ, ಶಾಣ್ಯಾ ಆಗ್ತಾನ" ಅಂತಾರೆ. ಬುದ್ಧಿ ಕಣ್ಣಿನಲ್ಲಿ ಉರಿಯುವ ದೀಪ ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ. ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆ. ಸಿಟ್ಟು ಬಂದವರು ಮುಖ ಕೊಟ್ಟು ಮಾತಾಡುವುದಿಲ್ಲ. ಇನ್ನು ಕಣ್ಣು ಕೊಡದ ಹುಡುಗನಿಗೆ ಉಳಿಯುವುದೇನು? ದಡ್ಡ, ಕಳ್ಳ, ಸೊಕ್ಕಿನವ, ಈ ಮೂರರಲ್ಲಿ ಒಂದು.

ಆದರೆ ನನಗೆ ಮನೆಯಲ್ಲಿ ಕಲಿಸಿದ್ದು ಏನು? ಹಿರಿಯರು ಮಾತಾಡುವಾಗ ಮಾರಿ ತಗ್ಗಿಸಿ ನಿಲ್ಲು. ದಿಟ್ಟಿಸಿ ನೋಡಬ್ಯಾಡ. ಇವರು ನನ್ನನ್ನು ನೋಡುವುದಕ್ಕೆ ಬಂದ ದಿನ ಚಹಾದ ತಾಟು ಹಿಡಿದು ನೆಲ ನೋಡುತ್ತ ನಿಂತಿದ್ದೆ. "ಹುಡುಗಿ ಭಾಳ ಸಂಭಾವಿತ" ಅಂದರಂತೆ ಮಾವನವರು. ಅವತ್ತು ನನ್ನ ಬಿ.ಎ. ಡಿಗ್ರಿಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಅದೇ ತಗ್ಗಿದ ಕಣ್ಣು ನನ್ನ ಮಗನಲ್ಲಿ ದೋಷವಾಗಿ ಕಾಗದ ಹತ್ತಿದೆ.

ಆಟಿಸಂಗೆ ಸರಕಾರದ ಕನ್ನಡದಲ್ಲಿ ಸ್ವಲೀನತೆ ಅನ್ನುತ್ತಾರೆ. ತನ್ನೊಳಗೇ ತಾನು ಮುಳುಗಿದವನು ಅಂತ ಅರ್ಥ. ಆ ಶಬ್ದ ನನಗೆ ಒಗ್ಗಿಲ್ಲ. ಬೀದಿಯ ಆ ತುದಿಯಲ್ಲಿ ಗ್ಯಾಸಿನ ಗಾಡಿ ತಿರುಗಿದರೆ ಮನೆಯೊಳಗೆ ಮೊದಲು ತಿಳಿಯುವುದು ತಮ್ಯಾನಿಗೆ. ಅಂಥವನು ತನ್ನೊಳಗೆ ಮುಳುಗಿದ್ದಾನೆ ಅಂತ ಹೇಗೆ ಅನ್ನಲಿ?

20 ಜೂನ್, ಮಂಗಳವಾರ

ಡೊನಾಲ್ಡ್ ಟ್ರಿಪ್ಲೆಟ್ ಎಂಬ ಮುದುಕರು ಮೊನ್ನೆ 15ಕ್ಕೆ ತೀರಿಕೊಂಡರಂತೆ, ಅಮೆರಿಕದ ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಲ್ಲಿ. 89 ವರ್ಷ. ಆಟಿಸಂ ಎಂದು ದಾಖಲಾದ ಮೊದಲ ಮನುಷ್ಯ. ಬಾಲ್ಟಿಮೋರಿನ ಡಾಕ್ಟರ್ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಲ್ಲಿ ಮೊದಲನೆಯ ಹುಡುಗ ಇವರೇ. ಕ್ಯಾನರ್ ಆ ಮಕ್ಕಳನ್ನು ಕೂಡಿಸಿ ನೋಡಿದ್ದು ಇದೇ ಸೆಗ್ವಿನ್ ಹಲಗೆಯ ಮುಂದೆ! ಮನುಷ್ಯರ ಮುಖ ನೋಡದ ಆ ಮಕ್ಕಳು ಹಲಗೆಯ ಕೆಲಸ ಚೆನ್ನಾಗಿ ಮಾಡಿದವು, ಅವರ ಬುದ್ಧಿಶಕ್ತಿ ಒಳ್ಳೆಯದಿದೆ ಅಂತ ಕ್ಯಾನರ್ ಅವತ್ತೇ ಬರೆದಿದ್ದರು. ಕಣ್ಣು ಬೇರೆ, ಬುದ್ಧಿ ಬೇರೆ ಅನ್ನುವ ಮಾತು ಮೊದಲ ಕಾಗದದಲ್ಲೇ ಇತ್ತು.

ಡೊನಾಲ್ಡರನ್ನು ಮೂರರ ವಯಸ್ಸಿನಲ್ಲಿ ತಂದೆತಾಯಿ ಡಾಕ್ಟರರ ಮಾತು ಕೇಳಿ ಒಂದು ಸಂಸ್ಥೆಯಲ್ಲಿ ಬಿಟ್ಟಿದ್ದರು. ವರ್ಷದೊಳಗೆ ಮನಸ್ಸು ತಡೆಯದೆ ವಾಪಸು ತಂದರು. ಹುಡುಗ ಮುಂದೆ ಕಾಲೇಜು ಓದಿದ, ಬ್ಯಾಂಕಿನಲ್ಲಿ ದುಡಿದ, ಕಾರು ನಡೆಸಿದ, ಒಬ್ಬನೇ ದೇಶ ಸುತ್ತಿದ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಇಟ್ಟಿಗೆಯ ಕಥೆ. ಊರಿನ ಹೈಸ್ಕೂಲ್ ಕಟ್ಟಡದಲ್ಲಿ ಎಷ್ಟು ಇಟ್ಟಿಗೆ ಇವೆ ಎಂದು ಹುಡುಗರು ಕೇಳಿದಾಗ ಡೊನಾಲ್ಡ್ ಒಂದೇ ನೋಟಕ್ಕೆ ಲೆಕ್ಕ ಹೇಳಿದ ಅಂತ ಊರೆಲ್ಲ ಹೇಳಿಕೊಂಡು ಬಂದಿತ್ತು. ವಯಸ್ಸಾದ ಮೇಲೆ ಇಬ್ಬರು ಪತ್ರಕರ್ತರು ಹೋಗಿ ಕೇಳಿದರು. ಆ ಸಂಖ್ಯೆ ನಾನೇ ಹುಟ್ಟಿಸಿದ್ದು, ಆ ಹುಡುಗರಿಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬರಲಿ ಅಂತ ಆಸೆಯಿತ್ತು ಅಂದರಂತೆ ಅವರು.

ಇದನ್ನು ಓದಿ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ. ಯಾರ ಮನಸ್ಸೂ ತಿಳಿಯದವರು ಅಂತ ಆಟಿಸಂ ಇದ್ದವರ ಬಗ್ಗೆ ಬರೆದಿದ್ದರಲ್ಲ. ಇತರರ ಮನಸ್ಸಿನಲ್ಲಿ ತಾನು ಹೇಗೆ ಕಾಣುತ್ತೇನೆ ಅಂತ ಇಷ್ಟು ತಿಳಿದ ಹುಡುಗ ಇನ್ನೆಲ್ಲಿ ಸಿಕ್ಕಾನು?

3 ಜುಲೈ, ಸೋಮವಾರ

ತಮ್ಯಾನ ಥೆರಪಿಯಲ್ಲಿ ಈ ತಿಂಗಳ ಗುರಿ ಅಂತ ಬರೆದುಕೊಟ್ಟಿದ್ದಾರೆ: ಹೆಸರು ಕರೆದಾಗ ಐದು ಸೆಕೆಂಡು ಕಣ್ಣು ನೋಡುವುದು. ಹೇಗೆ ಮಾಡಿಸುತ್ತಾರೆ ಅಂತ ಬಾಗಿಲ ಸಂದಿಯಿಂದ ನೋಡಿದೆ. ಜೆಮ್ಸ್ ಗುಳಿಗೆಯನ್ನು ತಮ್ಮ ಎರಡು ಹುಬ್ಬಿನ ನಡುವೆ ಹಿಡಿದು, "ನೋಡು" ಅನ್ನುತ್ತಾರೆ. ನೋಡಿದರೆ ಗುಳಿಗೆ ಬಾಯಿಗೆ. ಲೊವಾಸ್ ಎಂಬ ಲಾಸ್ ಏಂಜಲೀಸಿನ ಪ್ರಾಧ್ಯಾಪಕರ ಕಾಲದಿಂದ ನಡೆದು ಬಂದ ದಾರಿಯಂತೆ ಇದು. ತಮ್ಯಾ ಕೆಂಪು ಜೆಮ್ಸ್ ನೋಡುತ್ತಿದ್ದ. ಅವರು ಕಣ್ಣು ನೋಡಿದ ಅಂತ ಟಿಕ್ ಹಾಕುತ್ತಿದ್ದರು.

ಮನೆಗೆ ಬಂದ ಮೇಲೆ ಎರಡು ತಾಸು ಗೋದಿಯ ಡಬ್ಬಿಯ ಹಿಂದೆ ಮೂಲೆಯಲ್ಲಿ ಕೂತಿದ್ದ. ಕರೆದರೆ ಕೈಯಿಂದ ಹಣೆ ಮುಚ್ಚಿಕೊಂಡ.

11 ಜುಲೈ, ಮಂಗಳವಾರ

ನಮ್ಮ ಪೋಸ್ಟ್ ಆಫೀಸಿನಲ್ಲಿ ಇವತ್ತು ವಿಪರೀತ ಗದ್ದಲ. ಎರಡು ಸಾವಿರದ ನೋಟುಗಳನ್ನು ಖಾತೆಗೆ ತುಂಬುವವರು, ಆರ್‌ಡಿ ಏಜೆಂಟರು, ಸುಕನ್ಯಾ ಖಾತೆ ತೆರೆಯುವುದಕ್ಕೆ ಬಂದ ಅಪ್ಪಂದಿರು. ನಾನು ಕ್ಯಾಶ್ ಕೌಂಟರಿನಲ್ಲಿದ್ದೆ. ಐನೂರರ ಕಟ್ಟು ಎಣಿಸುತ್ತಿದ್ದೆ. ಎಪ್ಪತ್ತರ ಹತ್ತಿರ ಬಂದಾಗ ಎದುರಿನ ಯಜಮಾನರು, "ಅಕ್ಕಾರ, ಈ ಕಡೆ ನೋಡ್ರಿ" ಅಂದರು. ನೋಡಿದೆ. ಲೆಕ್ಕ ಹೋಯಿತು. ಮತ್ತೆ ಮೊದಲಿನಿಂದ.

ಕೌಂಟರಿನಲ್ಲಿ 16 ವರ್ಷ ಕೂತಿದ್ದೇನೆ. ಎಣಿಸುವಾಗ ಗಿರಾಕಿಯ ಮಾರಿ ನೋಡಬಾರದು ಅಂತ ಮೊದಲ ವಾರದಲ್ಲೇ ಕಲಿತಿದ್ದೆ. ಅದು ಮಗನಿಗೂ ಸಲ್ಲುವ ಮಾತು ಅಂತ ಇವತ್ತು ಹೊಳೆಯಿತು!

ಆಮೇಲೆ ಗಿರಾಕಿಗಳನ್ನು ಗಮನಿಸುತ್ತ ಕೂತೆ. ನಾಮಿನಿಯ ಹುಟ್ಟಿದ ತಾರೀಖು ಕೇಳಿದರೆ ಎಲ್ಲರ ಕಣ್ಣೂ ಮಾಳಿಗೆಗೆ ಹೋಗುತ್ತದೆ. ಹಳೆಯ ಮೊಬೈಲ್ ನಂಬರು ಕೇಳಿದರೆ ಕೆಲವರು ಕಣ್ಣು ಮುಚ್ಚಿಯೇ ಹೇಳುತ್ತಾರೆ. ನನ್ನ ಮುಖ ನೋಡುತ್ತ ನಂಬರು ನೆನೆಸಿದವರು ಒಬ್ಬರೂ ಇಲ್ಲ. ನಾನೂ ಯಾರಿಗೂ, "ಮೊದಲ ನನ್ನ ಮಾರಿ ನೋಡ್ರಿ, ಆಮೇಲೆ ನಂಬರ್ ಹೇಳ್ರಿ" ಅಂದಿಲ್ಲ.

ರಾತ್ರಿ ಹುಡುಕಿ ಓದಿದೆ. ಸ್ಕಾಟ್ಲೆಂಡಿನ ಗ್ವಿನೆತ್ ಡೊಹರ್ಟಿ-ಸ್ನೆಡನ್ ಎಂಬ ಮನಃಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಇದನ್ನೇ ವರ್ಷಗಟ್ಟಲೆ ನೋಡಿದ್ದಾರೆ. ಪ್ರಶ್ನೆ ಕಠಿಣವಾದಷ್ಟೂ ಮಕ್ಕಳು ಮುಖದಿಂದ ಕಣ್ಣು ತೆಗೆಯುತ್ತಾರೆ. ಯೋಚಿಸುವಾಗ ಬೇರೆ ಕಡೆ ನೋಡು ಅಂತ ಐದು ವರ್ಷದ ಮಕ್ಕಳಿಗೆ ಹೇಳಿಕೊಟ್ಟರೆ ಉತ್ತರ ಇನ್ನೂ ಚೆನ್ನಾಗಿ ಬರುತ್ತದೆ ಅಂತ 2006ರಲ್ಲಿ ಬರೆದರು. ಆ ಮಕ್ಕಳಿಗೆ ಆಟಿಸಂ ಇರಲಿಲ್ಲ, ಸಾಮಾನ್ಯ ಮಕ್ಕಳು. ಮುಂದೆ ಆಟಿಸಂ ಇರುವ ಮಕ್ಕಳನ್ನೂ ನೋಡಿದರು. ಅವರೂ ಲೆಕ್ಕ ಕಠಿಣವಾದಾಗ ನಮ್ಮ ಹಾಗೇ ಕಣ್ಣು ತೆಗೆಯುತ್ತಾರೆ, ಯೋಚಿಸುವುದಕ್ಕೆ. ಮುಖವೆಂದರೆ ಒಂದು ಸಂತೆ. ಹುಬ್ಬು, ತುಟಿ, ಮೂಗುತಿ, ಕಣ್ಣು ಎಲ್ಲ ಒಮ್ಮೆಗೇ ಕೂಗುತ್ತವೆ. ಆ ಸಂತೆಯ ನಡುವೆ ನಿಂತು ಲೆಕ್ಕ ಮಾಡು ಅಂದರೆ ಯಾರಿಗೆ ಆದೀತು?

ತಮ್ಯಾನಂಥವರಿಗೆ ಅದು ಬರೀ ಸಂತೆಯಲ್ಲ, ಬೆಂಕಿಯ ಬಿಸಿಯೂ ಹೌದೋ ಏನೋ. ನುಷಿನ್ ಹಜಿಖಾನಿ ಮತ್ತು ಸಂಗಡಿಗರು 2017ರಲ್ಲಿ ಆಟಿಸಂ ಇದ್ದವರಿಗೆ ಮುಖದ ಚಿತ್ರಗಳಲ್ಲಿ ಕಣ್ಣಿನ ಭಾಗವನ್ನೇ ನೋಡುವಂತೆ ಮಾಡಿ ಮೆದುಳಿನ ಸ್ಕ್ಯಾನ್ ತೆಗೆದರು. ಭಯ, ಎಚ್ಚರಗಳನ್ನು ನೋಡಿಕೊಳ್ಳುವ ಒಳಭಾಗಗಳು ಅತಿಯಾಗಿ ಉದ್ರೇಕಗೊಂಡಿದ್ದವು. ಅದೇ ವರ್ಷ ಇನ್ನೊಂದು ಗುಂಪು ಎರಡು ವರ್ಷದ ಮಕ್ಕಳನ್ನು ನೋಡಿ, ಇವರು ಕಣ್ಣಿಗೆ ಹೆದರುತ್ತಿಲ್ಲ, ಅದರಲ್ಲಿ ಏನಿದೆ ಎಂಬುದು ಇವರಿಗೆ ಮುಖ್ಯವಾಗಿಲ್ಲ ಅಂತ ಬರೆಯಿತು. ಎರಡೂ ನಿಜವಿರಬಹುದು, ಎಲ್ಲ ಮಕ್ಕಳೂ ಒಂದೇ ಅಚ್ಚಲ್ಲ. ಬಿಸಿ ಹಂಚು ಮುಟ್ಟಿದವನ ಹಾಗೆ ಅಂತ ನಾನು ಹೋದ ತಿಂಗಳು ಬರೆದಿದ್ದೆ. ನನ್ನ ಹುಡುಗ ಯಾವ ಕಡೆಯವನು ಅಂತ ನನಗೆ ಗೊತ್ತು.

ನಾಳೆ ಥೆರಪಿಯವರ ಹತ್ತಿರ ಮಾತಾಡಬೇಕು. ಸಿಟ್ಟಿನಿಂದಲ್ಲ. ಅವರೂ ಕಲಿತದ್ದನ್ನೇ ಮಾಡುತ್ತಿದ್ದಾರೆ.

13 ಜುಲೈ, ಗುರುವಾರ

ಮಾತಾಡಿದೆ. ಜೆಮ್ಸ್ ಬಿಟ್ಟರು. ಕಣ್ಣು ನೋಡುವ ಗುರಿ ಹೊಡೆದು ಹಾಕಿ, "ಬೇಕಾದ್ದನ್ನು ಕೈ ತೋರಿಸಿಯೋ ಮಾತಾಡಿಯೋ ಕೇಳುವುದು" ಅಂತ ಬರೆದರು. ಮನೆಯಲ್ಲಿ ಇವರಿಗೆ ಇನ್ನೂ ಸಮಾಧಾನವಿಲ್ಲ. "ನಾಳೆ ಇಂಟರ್‌ವ್ಯೂನ್ಯಾಗ ಸಾಹೇಬರ ಮಾರಿ ನೋಡಂಗಿಲ್ಲಂದ್ರ ಕೆಲಸ ಕೊಡ್ತಾರೇನು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಬಗ್ಗಿ ತಂತಿ ಸುತ್ತುವಾಗ ಇವರೂ ಯಾರ ಮಾರಿಯನ್ನೂ ನೋಡುವುದಿಲ್ಲ ಅಂತ ಆಮೇಲೆ ಹೊಳೆಯಿತು. ಹೇಳಲಿಲ್ಲ. ಅವರ ಚಿಂತೆ ಹುಸಿಯಲ್ಲ.

29 ಜುಲೈ, ಶನಿವಾರ

ಕೊನೆಗೂ ಮಳೆ ಹಿಡಿದು ಹೊಡೆಯಿತು ಈ ವಾರ. ಸಂಜೆ ಹಳೆಯ ಫೋಟೋ ತೆಗೆದು ಕೂತೆ.

ಬಾಣಂತನದ ದಿನಗಳು. ಅವ್ವ ಕಾಲಮೇಲೆ ಹಾಕಿಕೊಂಡು ಎರೆಯುತ್ತಿದ್ದಾಳೆ. ಒಂದು ತಿಂಗಳ ಕೂಸು ಅವಳ ಮುಖವನ್ನು ನೆಟ್ಟಗೆ ನೋಡುತ್ತಿದೆ. ಮೂರನೆಯ ತಿಂಗಳ ಫೋಟೋದಲ್ಲಿ ನನ್ನನ್ನು ನೋಡುತ್ತಿದೆ. ಏಳನೆಯ ತಿಂಗಳಿಗೆ ತೊಟ್ಟಿಲ ಗಿಲಕಿಯ ಕಡೆ, ಆಮೇಲಿನ ಎಲ್ಲದರಲ್ಲೂ ಬೇರೆಲ್ಲೋ.

ವಾರೆನ್ ಜೋನ್ಸ್ ಮತ್ತು ಅಮಿ ಕ್ಲಿನ್ 2013ರಲ್ಲಿ ಇದನ್ನು ಅಳೆದು ತೋರಿಸಿದರು. ಮುಂದೆ ಆಟಿಸಂ ಎಂದು ಗೊತ್ತಾದ ಕೂಸುಗಳೂ ಮೊದಮೊದಲು ಎಲ್ಲ ಕೂಸುಗಳ ಹಾಗೇ ಕಣ್ಣು ನೋಡುತ್ತಿದ್ದವು. ಎರಡನೆಯ ತಿಂಗಳಿಂದ ಆರನೆಯ ತಿಂಗಳೊಳಗೆ ಆ ನೋಟ ಮೆಲ್ಲಗೆ ಇಳಿಯುತ್ತ ಬಂತು. ಇದನ್ನು ಓದಿದಾಗ ಅತ್ತುಬಿಟ್ಟೆ. ಒಂದು ಕಾಲಕ್ಕೆ ನನ್ನನ್ನು ನೋಡಿದ್ದ, ನಾನು ಕಳೆದುಕೊಂಡೆ ಅಂತ. ತಾಯಿಯ ಎದೆ ತಣ್ಣಗಿದ್ದರೆ ಮಕ್ಕಳು ಹೀಗಾಗುತ್ತವೆ ಅಂತ ಅಮೆರಿಕದಲ್ಲಿ ಒಂದು ಕಾಲಕ್ಕೆ ಡಾಕ್ಟರರೇ ಹೇಳುತ್ತಿದ್ದರು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದರು. ಅಷ್ಟೊತ್ತಿಗಾಗಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ತಂದೆ ಅದು ಸುಳ್ಳು, ಇದು ಮೆದುಳಿನ ಬೆಳವಣಿಗೆಯ ಸಂಗತಿ ಅಂತ ಬರೆದಿದ್ದರು. ಸುಳ್ಳು ಸಾಯುವುದಕ್ಕೆ ಮತ್ತೂ ಬಹಳ ವರ್ಷ ಬೇಕಾದವು. ನಮ್ಮ ಓಣಿಗೆ ಬರುವ ಹೊತ್ತಿಗೆ ಅದೇ ಮಾತು "ಕೂಸಿಗೆ ಮೊಬೈಲ್ ತೋರಿಸಿದಿ" ಅಂತಾಗಿದೆ.

ಅಳು ನಿಂತ ಮೇಲೆ ಹೊರಗೆ ಬಂದೆ. ಕಟ್ಟೆಯ ಮೇಲೆ ಅತ್ತಿ ಮತ್ತು ತಮ್ಯಾ ಪಕ್ಕಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದರು, ಇಬ್ಬರ ಮುಖವೂ ಮಳೆಯ ಕಡೆ. ಅತ್ತಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ, ಮುಂದೆ ಕೂತವರ ಮುಖ ಬಿಳಿ ಮಬ್ಬಿನ ಹಾಗೆ ಕಾಣುತ್ತದಂತೆ. ಮೊಮ್ಮಗ ತನ್ನನ್ನು ನೋಡುತ್ತಾನೋ ಇಲ್ಲವೋ ಅವಳಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಅವನು ಕೊಟ್ಟ ಕಾಳು ಬುಟ್ಟಿಗೆ ಬೀಳುವ ಸಪ್ಪಳ ಕೇಳಿ, "ಮತ್ತ ಕೊಡೋ ನನ್ನಪ್ಪಾ" ಅನ್ನುತ್ತಾಳೆ.

21 ಆಗಸ್ಟ್, ಸೋಮವಾರ, ನಾಗರ ಪಂಚಮಿ

ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಾದಿನಿಯ ಮನೆಯವರೆಲ್ಲ ಬಂದಿದ್ದರು. ಅಳ್ಳಿಟ್ಟು, ಶೇಂಗಾ ಉಂಡಿ, ಹಿತ್ತಲ ಮಾವಿನ ಮರಕ್ಕೆ ಜೋಕಾಲಿ. ತಮ್ಯಾ ಮುಂಜಾನೆಯಿಂದ ಜೋಕಾಲಿಯ ಹತ್ತಿರವೇ ಇದ್ದ. ಊಟವಾದ ಮೇಲೆ ನಾದಿನಿಯ ಗಂಡ ಕೇಳಿದರು: "ಇಂಥಾ ಹುಡುಗರಿಗೆ ದೇವರು ಒಂದಿಲ್ಲೊಂದು ವಿದ್ಯಾ ಕೊಟ್ಟಿರ್ತಾನಂತಲ್ಲ. ಇವಗೇನ್ ಬರ್ತೈತಿ?"

1988ರಲ್ಲಿ ಬಂದ ರೇನ್ ಮ್ಯಾನ್ ಎಂಬ ಸಿನಿಮಾದಿಂದ ಈ ನಂಬಿಕೆ ಜಗತ್ತೆಲ್ಲ ಹಬ್ಬಿತು. ಅಂಥ ಅಸಾಧಾರಣ ನೆನಪು, ಲೆಕ್ಕ, ಆಟಿಸಂ ಇದ್ದವರಲ್ಲಿ ಕೆಲವರಿಗೆ ಮಾತ್ರ ಇರುತ್ತದೆ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಬಾಯಿಂದ ಬಂದದ್ದು: "ಊರೂರಿನ ಪಿನ್‌ಕೋಡ್ ಎಲ್ಲಾ ಬಾಯಿಪಾಠ ಅದಾವ್ರೀ."

"ಹೌದಾ!" ಅಂತ ಎಲ್ಲರೂ ತಿರುಗಿದರು. ಎಂಟು ವರ್ಷದಲ್ಲಿ ಮೊದಲ ಸಲ ಆ ಮನೆಯವರ ಮುಖದಲ್ಲಿ ಅವನ ಬಗ್ಗೆ ಮರ್ಯಾದೆ ಕಂಡೆ. "ಹಾಂಗಾದ್ರ ಬೆಳಗಾವಿದು ಹೇಳೋ ಶಾಣ್ಯಾ. ಇಲ್ಲಿ, ಮಾರಿ ನೋಡಿ ಹೇಳು" ಅಂತ ಅವರು ಅವನ ಗದ್ದ ಹಿಡಿದು ತಿರುಗಿಸಿದರು. ತಮ್ಯಾ ಕೊಸರಿಕೊಂಡು ಓಡಿದ, ಜೋಕಾಲಿಯ ಹಗ್ಗ ತಾಗಿ ಬಿದ್ದ. ಮೊಳಕಾಲು ಕೆತ್ತಿ ರಕ್ತ ಬಂತು.

ಅವನಿಗೆ ಗೊತ್ತಿರುವುದು ನಮ್ಮ ಪೋಸ್ಟಿನ ಬೋರ್ಡಿನ ಮೇಲಿರುವ 580001 ಒಂದೇ.

ಇಟ್ಟಿಗೆಯ ಲೆಕ್ಕ ಹುಟ್ಟಿಸಿದ ಹುಡುಗನಿಗಾಗಿ ಜೂನಿನಲ್ಲಿ ಮರುಗಿದ್ದೆ. ಆ ಹುಡುಗ ತನಗಾಗಿ ತಾನೇ ಹೇಳಿದ್ದ. ನಾನು ಮಗನ ತಲೆಯ ಮೇಲೆ ಹೊರಿಸಿದೆ, ಅವನನ್ನು ಒಂದು ಮಾತು ಕೇಳದೆ. ಮೊಳಕಾಲಿಗೆ ಅರಿಶಿನ ಹಚ್ಚುವಾಗ ತಪ್ಪಾಯಿತು ಅಂದೆ. ಅವನು ಗಾಯವನ್ನೇ ನೋಡುತ್ತ, "ಅರಿಶಿನ ಹಳದಿ" ಅಂದ.

2 ಸೆಪ್ಟೆಂಬರ್, ಶನಿವಾರ

ಇನ್ನೊಬ್ಬರ ಹತ್ತಿರ ಮತ್ತೆ ಟೆಸ್ಟ್ ಮಾಡಿಸಿದೆ, ಇಲ್ಲೇ ಧಾರವಾಡದಲ್ಲಿ. ಇವರು ಟೇಬಲ್ಲನ್ನು ಗೋಡೆಗೆ ಹಚ್ಚಿ ಅವನ ಪಕ್ಕಕ್ಕೆ ಕೂತರು. ಮಾತು ಬೇಕಾಗಿಲ್ಲದ ಟೆಸ್ಟ್: ಬಣ್ಣದ ಚಿತ್ರ, ಅದರಲ್ಲೊಂದು ತುಂಡು ಹರಿದ ಹಾಗಿರುತ್ತದೆ, ಕೆಳಗಿನ ಆರು ತುಂಡಿನಲ್ಲಿ ಸರಿಹೊಂದುವುದಕ್ಕೆ ಬೆರಳು ತೋರಿಸಬೇಕು. ಒಟ್ಟು 36. ಇಂಗ್ಲೆಂಡಿನ ರೇವನ್ ಎಂಬವರು ಮಾಡಿದ್ದು. ಒಮ್ಮೆಯೂ "ಇಲ್ಲಿ ನೋಡು" ಅನ್ನಲಿಲ್ಲ.

ಹುಬ್ಬಳ್ಳಿಯಲ್ಲಿ ಮಾಡಿದ್ದು ಬಿನೆ–ಕಾಮತ್ ಟೆಸ್ಟ್ ಅಂತ ಇವರಿಂದ ತಿಳಿಯಿತು. ಪ್ಯಾರಿಸಿನ ಬಿನೆ ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ನೆರವಾಗಲೆಂದು 1905ರಲ್ಲಿ ಮಾಡಿದ ಅಳತೆಗೋಲನ್ನು ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರಂತೆ. ಮುಂಬೈ ಕರ್ನಾಟಕದ ಹೆಸರೇ ಅದಕ್ಕಿತ್ತು. ನಮ್ಮ ಸೀಮೆಯ ಮಕ್ಕಳ ಬಾಯಿಮಾತಿಗೆ ಮಾಡಿದ ಗೋಲು, ಮಾತು ತಡವಾಗಿ ಬರುವ ನನ್ನ ಮಗನಿಗೆ ಗಿಡ್ಡಾಯಿತು.

ಮಾಂಟ್ರಿಯಲ್‌ನಲ್ಲಿ ಮಿಶೆಲ್ ಡಾಸನ್ ಅಂತ ಒಬ್ಬ ಹೆಣ್ಣುಮಗಳು ಇದ್ದಾರೆ. ತಾವೇ ಆಟಿಸಂ ಇರುವವರು. ಟಪಾಲು ಹಂಚುವ ಕೆಲಸದಲ್ಲಿದ್ದವರು, ನನ್ನ ಇಲಾಖೆಯವರು ಅಂತ ಓದಿ ರೋಮಾಂಚನವಾಯಿತು! ಲೊರಾಂ ಮೊಟ್ರಾನ್ ಎಂಬ ಡಾಕ್ಟರರ ತಂಡ ಸೇರಿ 2007ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಆಟಿಸಂ ಇರುವ 38 ಮಕ್ಕಳಿಗೆ ಎರಡು ಟೆಸ್ಟ್ ಕೊಟ್ಟಿದ್ದಾರೆ. ಪ್ರಶ್ನೋತ್ತರ ಬಹಳ ಇರುವ ವೆಕ್ಸ್ಲರ್ ಟೆಸ್ಟಿನಲ್ಲಿ, ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಇವರು ಕೆಳಗಿನಿಂದ ಸರಾಸರಿ 26ನೆಯವರು. ರೇವನ್ ಟೆಸ್ಟಿನಲ್ಲಿ 56ನೆಯವರು. ಅದೇ ಮಕ್ಕಳು, ಅದೇ ಬುದ್ಧಿ. ಆಮೇಲೆ ಬೇರೆಯವರು ಮಾಡಿದಾಗ ಎಲ್ಲರಲ್ಲೂ ಇಷ್ಟು ಅಂತರ ಬರಲಿಲ್ಲ, ಅದನ್ನೂ ಬರೆದುಕೊಳ್ಳಬೇಕು.

ತಮ್ಯಾನಿಗೆ 36ಕ್ಕೆ 22. "ಅವನ ವಯಸ್ಸಿನವರ ನಡುವಿನ ಮಟ್ಟ. ಹುಷಾರಿದ್ದಾನೆ" ಅಂದರು. ಕುಣಿದಾಡಬೇಕಿತ್ತು ನಾನು. ಎದೆಯಲ್ಲೆಲ್ಲೋ ಒಂದು ಮೆಟ್ಟಿಲು ಇಳಿದ ಹಾಗಾಯಿತು. ನಡುವಿನ ಮಟ್ಟ, ಅಷ್ಟೇನಾ? ಕಣ್ಣು ನೋಡದ ಹುಡುಗನ ಹಿಂದೆ ಒಂದು ಗುಪ್ತ ನಿಧಿ ಇದೆ ಅಂತ ನಾನೂ ಕಾಯುತ್ತಿದ್ದೆನೇ?

ಹೊರಗೆ ಬೆಂಚಿನ ಮೇಲೆ ಕುಂದಗೋಳ ಕಡೆಯ ತಾಯಿಯೊಬ್ಬರು ಮಗಳ ಜೊತೆ ಕೂತಿದ್ದರು. ಹನ್ನೆರಡು ವರ್ಷದ ಹುಡುಗಿ. ಅವಳಿಗೂ ಆಟಿಸಂ. ಮಾತು ಒಂದೂ ಇಲ್ಲ, ಬಟ್ಟೆ ತೊಡಿಸಬೇಕು, ಉಣಿಸಬೇಕು. ಆದರೆ ಕಣ್ಣು! ನನ್ನ ಕಣ್ಣಿನೊಳಗೇ ಕಣ್ಣಿಟ್ಟು, ಬಗ್ಗಿ ಬಗ್ಗಿ ನೋಡಿ ನಗುತ್ತಿದ್ದಳು. "ಎಲ್ಲಾರೂ ಮಾರಿ ನೋಡ್ತಾಳ, ಆಕಿಗೆ ಎಲ್ಲಾ ತಿಳೀತೈತಿ, ನೀವs ಕಲಿಸಿಲ್ಲ ಅಂತಾರ್ರೀ" ಅಂದರು ಆ ತಾಯಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಈ ವರ್ಷದ ವರದಿಯಲ್ಲಿ, ಆಟಿಸಂ ಇರುವ ಎಂಟು ವರ್ಷದ ಮಕ್ಕಳಲ್ಲಿ ಬುದ್ಧ್ಯಂಕ ತಿಳಿದವರ ಪೈಕಿ ಸುಮಾರು 38% ಮಕ್ಕಳದು 70 ಅಥವಾ ಅದಕ್ಕಿಂತ ಕಡಿಮೆ. ಟೆಸ್ಟು ತಪ್ಪಿದ್ದಕ್ಕೆ ಇಷ್ಟೂ ಮಕ್ಕಳು ಹಾಗೆ ಕಂಡರು ಅನ್ನಲಾಗದು. ಅಂಥವರೂ ಇದ್ದಾರೆ. ಕಣ್ಣು ನೋಡುವವರೂ ಅವರಲ್ಲಿದ್ದಾರೆ.

ನನ್ನ ಕೈಯಲ್ಲಿದ್ದ ಕಾಗದ ನೋಡಿ, "ನಿಮ್ಮ ಹುಡುಗನ್ನ ಏನಂದ್ರು?" ಅಂತ ಕೇಳಿದರು. ಶಾಣ್ಯಾ ಅದಾನಂತ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಅವರ ಮಗಳು ನನ್ನ ಬಳೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬಿಚ್ಚಿ ಎರಡು ಹಸಿರು ಬಳೆ ತೊಡಿಸಿ ಬಂದೆ.

1 ಅಕ್ಟೋಬರ್, ಭಾನುವಾರ

ಅತ್ತಿಯ ಪೊರೆಯ ಆಪರೇಷನ್ ಸೆಪ್ಟೆಂಬರ್ 14ಕ್ಕೆ ಆಯಿತು, ಒಂದು ಕಣ್ಣಿನದು. ಕಪ್ಪು ಚಾಳೀಸು ಹಾಕಿಕೊಂಡು ಮನೆಯನ್ನೆಲ್ಲ ಹೊಸದಾಗಿ ನೋಡುತ್ತಿದ್ದಾಳೆ. ಗೋಡೆಯ ಮಸಿ, ನನ್ನ ಬಿಳಿ ಕೂದಲು. ಮೊನ್ನೆ ತಮ್ಯಾನನ್ನು ಎದುರಿಗೆ ನಿಲ್ಲಿಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಬಂದು ಮೆಲ್ಲಗೆ, "ಯವ್ವಾ, ಈ ಹುಡುಗ ನನ್ನ ಮಾರಿನs ನೋಡಂಗಿಲ್ಲಲ್ಲ. ಸಿಟ್ಟಾಗ್ಯಾನೇನು?" ಅಂದಳು.

ಎಲ್ಲರೂ ಎಷ್ಟು ಹೇಳಿದ್ದೆವು. ಅವಳ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ತಟ್ಟಿರಲಿಲ್ಲ. ಕಾಣದಿದ್ದಾಗ ಇಲ್ಲದ ಕೊರತೆ ಕಣ್ಣು ಬಂದ ಮೇಲೆ ಬಂತು. ಎರಡು ದಿನ ಅವನನ್ನು ಕರೆಯುವುದು, ಗದ್ದ ಎತ್ತುವುದು, "ಆಯೀನ್ನ ನೋಡೋ" ಅನ್ನುವುದು ನಡೆಯಿತು. ತಮ್ಯಾ ಕಟ್ಟೆಗೆ ಬರುವುದನ್ನೇ ಬಿಟ್ಟ. ನಾನು ಏನೂ ಹೇಳಲಿಲ್ಲ. ಹೇಳಿದರೆ ಸೊಸೆಯ ಪಾಠವಾಗುತ್ತದೆ.

ಇವತ್ತು ಮಧ್ಯಾಹ್ನ ನೋಡಿದರೆ ಅತ್ತಿ ತಾನೇ ಶೇಂಗಾದ ಮರ ತಗೊಂಡು ಹೋಗಿ, ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದಳು. ಅವನ ಕಡೆ ತಿರುಗಲಿಲ್ಲ, ಕರೆಯಲಿಲ್ಲ. ಹತ್ತು ನಿಮಿಷಕ್ಕೆ ತಮ್ಯಾ ಬಂದು ಪಕ್ಕಕ್ಕೆ ಕೂತ. ಸಂಜೆ ಕಾಳು ಅಳೆಯುವಾಗ ನನಗೆ ಅಂದಳು, "ಎಂಟ ವರ್ಷ ಹಿಂಗs ಕುಂತೀವಿ. ಕಣ್ಣ ಬಂತಂತ ಮರತಿದ್ದೆ."

24 ಅಕ್ಟೋಬರ್, ಮಂಗಳವಾರ, ವಿಜಯದಶಮಿ

ಬರಗಾಲದ ದಸರೆ. ಬನ್ನಿ ಕೊಡುವುದಕ್ಕೆ ಓಣಿಯವರೆಲ್ಲ ಬಂದರು. ತಮ್ಯಾ ಬಾಗಿಲಲ್ಲಿ ನಿಂತು, ಮುಖವನ್ನು ಚೌಕಟ್ಟಿಗೆ ಹಚ್ಚಿ, ಬಂದವರೆಲ್ಲರಿಗೂ ಕೈಚಾಚಿ ಎಲೆ ಕೊಟ್ಟ. ಎಲ್ಲರಿಗೂ ಎರಡೆರಡೇ, ಕಾಲಿಗೆ ಬೀಳುವವರಿಗೂ ಬೀಳದವರಿಗೂ. ಒಬ್ಬರು "ಮಾರಿ ನೋಡಿ ಕೊಡೋ" ಅಂದರು. "ಬಂಗಾರ ಕೈಯಾಗ ಕೊಟ್ಟಾನಲ್ರೀ, ತಗೋರಿ" ಅಂದರು ಇವರು. ನಾನಲ್ಲ, ಇವರು.

5 ನವೆಂಬರ್, ಭಾನುವಾರ

ಇಷ್ಟು ದಿನ ಒಂದು ಸಂಗತಿ ಬರೆಯುವುದೇ ಬಿಟ್ಟುಹೋಗಿತ್ತು. ತಮ್ಯಾ ಅತಿ ಹೆಚ್ಚು ಮಾತಾಡುವುದು ಸ್ಕೂಟಿಯ ಮೇಲೆ, ನನ್ನ ಬೆನ್ನ ಹಿಂದೆ. ಎದುರಿಗೆ ಮುಖವಿಲ್ಲ, ಕೈಗೆ ನನ್ನ ಸೊಂಟ ಸಿಕ್ಕಿರುತ್ತದೆ, ಗಾಳಿ ಬೀಸುತ್ತಿರುತ್ತದೆ. ಮನೆಯಲ್ಲಿ ದಿನಕ್ಕೆ ಇಪ್ಪತ್ತು ಮಾತಾಡದವನು ಸಪ್ತಾಪುರದಿಂದ ಕೆಲಗೇರಿಗೆ ಹೋಗುವಷ್ಟರಲ್ಲಿ ಅಷ್ಟನ್ನೂ ಆಡುತ್ತಾನೆ.

ಸಂಜೆ ಕೆರೆಯ ದಾರಿಯಲ್ಲಿ ಹೋಗುತ್ತಿದ್ದೆವು. "ಅವ್ವಾ" ಅಂದ. "ಆ ಅಕ್ಕ ಬಳಿ ಹಾಕ್ಕೊಂಡಾಳೇನು ಈಗೂ?"

ಯಾವ ಅಕ್ಕ ಅಂತ ತಿಳಿಯುವುದಕ್ಕೆ ನನಗೆ ಒಂದು ಕ್ಷಣ ಬೇಕಾಯಿತು. ಎರಡು ತಿಂಗಳ ಹಿಂದಿನ ಮಾತು. ಆವತ್ತು ಆ ಬೆಂಚಿನ ಹತ್ತಿರ ಅವನು ನಮ್ಮ ಕಡೆ ಬೆನ್ನು ಮಾಡಿ, ನೀರಿನ ಕ್ಯಾನಿನ ನಲ್ಲಿಯನ್ನೇ ನೋಡುತ್ತ ನಿಂತಿದ್ದ.

ಗಂಟಲು ತುಂಬಿ ಬಂತು. ಅವನ ಮುಖ ನೋಡಬೇಕು ಅಂತ ಹಿಂದಕ್ಕೆ ತಿರುಗಿದೆ.

"ರಸ್ತೆ ನೋಡು" ಅಂದ.